ಬೆನ್ನು ತಿರುಗಿಸಿ ಗಿಡಗ ಎಣಿಸಿದವರು

ಕರೋಶಿಯ ಗಿರಿಜವ್ವ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ಅವಳ ಮೇಲಿನ ದೂರೆಂದು ತಿಳಿಯಬೇಡಿ. ಅವಳ ಗಂಡ ವಿರುಪಾಕ್ಷಪ್ಪ ಕೇಳಿದವರಿಗೆಲ್ಲ ಎತ್ತು ಕೊಡುವವನು, ಕೊಟ್ಟದ್ದನ್ನು ಮರೆಯುವವನು. ಮನೆ ಅವನೊಬ್ಬನ ಕೈಯಲ್ಲೇ ಇದ್ದಿದ್ದರೆ ಅದಕ್ಕೆ ಬಾಗಿಲೂ ಉಳಿಯುತ್ತಿರಲಿಲ್ಲ. ಹೀಗಾಗಿ ಅನುಮಾನ ಪಡುವ ಕೆಲಸವೆಲ್ಲ ಅವಳ ಪಾಲಿಗೇ ಬಂದಿತ್ತು, ಅವಳೂ ಅದನ್ನು ಮನಸ್ಸಿಟ್ಟು ಮಾಡುತ್ತಿದ್ದಳು. ಚಿಕ್ಕೋಡಿಯ ಬಸ್ಸು ಹತ್ತುವಾಗ ಬೋರ್ಡು ಓದಿಸಿ ಕೇಳಿ, ಕಂಡಕ್ಟರನನ್ನು ಕೇಳಿ, ಆಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುವಳು. ಎಣ್ಣೆ ತಂದರೆ ಮೂಸುವಳು, ಬೆಲ್ಲ ತಂದರೆ ಮುರಿದು ನೋಡುವಳು. ಸುಗ್ಗಿಯಲ್ಲಿ ಜೋಳದ ರಾಶಿ ಅಳೆಯಲು ಆಳುಗಳಿಗೂ ಬಿಡುತ್ತಿರಲಿಲ್ಲ, ಗಂಡನಿಗೂ ಬಿಡುತ್ತಿರಲಿಲ್ಲ. ತಾನೇ ಸೆರಗು ಸಿಕ್ಕಿಸಿ ಸೇರು ಹಿಡಿದು ಕೂರುವಳು. ಕಣದಲ್ಲಿ ಯಾರೂ ‘ಒಂದು’ ಎಂದು ಶುರು ಮಾಡುವುದಿಲ್ಲವಲ್ಲ, ಅವಳೂ ಮೊದಲ ಸೇರಿಗೆ ‘ಲಾಭ’ ಎಂದು, ಮುಂದಿನದಕ್ಕೆ ‘ಎರಡು’ ಎಂದು, ಇಡೀ ಓಣಿಗೆ ಕೇಳುವಂತೆ ಕೂಗುತ್ತಾ ಅಳೆಯುವಳು. ಗಟ್ಟಿಯಾಗಿ ಕೂಗಿದರೆ ನಡುವೆ ಯಾರೂ ಕಳ್ಳಲೆಕ್ಕ ಸೇರಿಸಲಾರರು ಎಂಬುದು ಅವಳ ನಂಬಿಕೆ.

ಇಂಥವಳ ಕೈಗೆ ಅತ್ತೆ ಸಾಯುವ ಮುಂಚೆ ಒಪ್ಪಿಸಿ ಹೋದದ್ದು ಮಡ್ಡಿ. ಕಬ್ಬಿನ ಹೊಲಗಳು ಮುಗಿದ ಮೇಲೆ ಏರುವ ಕಲ್ಲುನೆಲ ಅದು, ವಿರುಪಾಕ್ಷಪ್ಪನ ಮನೆತನದ ಪಾಲಿನದು. ಅಲ್ಲಿ ಸೊಂಟದೆತ್ತರದ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಆದರೆ ಆ ಹುಲ್ಲೇ ಊರ ಹೆಣ್ಣುಮಕ್ಕಳ ಮರೆ. ಮನೆಯಲ್ಲಿ ಪಾಯಖಾನೆ ಕಟ್ಟಿಸುವ ಮಾತು ಆಗ ಕರೋಶಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ನಸುಕಿನಲ್ಲಿ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ಹೆಂಗಸರು ಚರಿಗೆ ಹಿಡಿದು ಮಡ್ಡಿ ಹತ್ತುವರು. ಗಂಡಸರು ಆ ಕಡೆ ಕಾಲಿಡುವಂತಿಲ್ಲ, ದನ ಬಿಡುವಂತಿಲ್ಲ, ನಾಯಿ ಕರೆದೊಯ್ಯುವಂತಿಲ್ಲ. ಹೋಳಿ ಹುಣ್ಣಿಮೆ ಆಗುವವರೆಗೆ ಹುಲ್ಲಿಗೆ ಕುಡುಗೋಲು ಹಾಕುವಂತಿಲ್ಲ. ಇದನ್ನೆಲ್ಲ ಅತ್ತೆ ಕುಡುಗೋಲು ಕೈಯಲ್ಲಿ ಹಿಡಿದೇ ನಡೆಸಿದ್ದಳು.

“ಹೊಲಾ ಹೋದ್ರ ಮತ್ತೊಂದ ತಗೋಬಹುದು. ಮಡ್ಡಿ ಹೋದ್ರ ಊರ ಹೆಣ್ಮಕ್ಕಳ ಮಾನ ಹೋಗ್ತೈತಿ. ಯಾರನ್ನೂ ನಂಬಬ್ಯಾಡ,” ಎಂದಿದ್ದಳು ಅತ್ತೆ. ಸೊಸೆಗೆ ಎರಡನೆಯ ಮಾತು ಹೇಳುವ ಅಗತ್ಯವೇ ಇರಲಿಲ್ಲ.

ಎಂಬತ್ತಮೂರರ ದಸರೆ ಮುಗಿದ ವಾರ. ಹೊತ್ತು ಮುಳುಗುವ ಸಮಯಕ್ಕೆ ಗಿರಿಜವ್ವ ಮಡ್ಡಿ ಹತ್ತಿದಾಗ ಬಡಗಣ ತುದಿಯ ಹಾಸುಬಂಡೆಯ ಮೇಲೆ ಇಬ್ಬರು ಗಂಡಸರು ಕೂತಿದ್ದರು. ಒಬ್ಬನ ಕಣ್ಣಿಗೆ ದುರ್ಬೀನು. ಕೆಳಗೆ ಹುಲ್ಲಿನಲ್ಲಿ ಊರ ಅರ್ಧ ಹೆಂಗಸರಿದ್ದರು. ಗಿರಿಜವ್ವ ಕುಡುಗೋಲು ಹಿಡಿದೇ ಬಂಡೆ ಹತ್ತಿದಳು.

“ಯಾರ ನೀವು? ಏನ ನೋಡಾಕತ್ತೀರಿ ಇಲ್ಲಿ?”

ದಪ್ಪ ಕನ್ನಡಕದವನು ಎದ್ದು ನಿಂತ. “ಗಿಡಗ ಹಕ್ಕಿ ಎಣಸಾಕ ಬಂದೇವ್ರಿ. ನಾ ಕಾಕಾಸಾಹೇಬ, ನಿಪ್ಪಾಣಿಯೊಳಗ ಸಾಲಿ ಮಾಸ್ತರ. ಇವರು ಧನಪಾಲ ಅಂತ, ಚಿಕ್ಕೋಡ್ಯಾಗ ಅರಿವಿ ಅಂಗಡಿ ಇಟ್ಟಾರ.”

“ಗಿಡಗ ಎಣಿಸಿ ಏನ ಮಾಡ್ತೀರಿ? ಮಾರ್ತೀರೇನು?”

“ಛೇ, ಮಾರೋದಲ್ರಿ. ಹಿಮಾಲಯದ ಆಚೆಯಿಂದ ಬರ್ತಾವರಿ ಇವು, ಚಳಿಗಾಲ ಕಳಿಯಾಕ. ಈ ಸಲ ಎಷ್ಟ ಬಂದಾವ ಅಂತ ತಿಳಕೋಬೇಕಲ್ರಿ.”

“ತಿಳಕೊಂಡು?”

ಮಾಸ್ತರ ಕನ್ನಡಕ ಸರಿಪಡಿಸಿಕೊಂಡ. ಆ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟವರನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ. ಗಿರಿಜವ್ವ ಕೈ ಚಾಚಿ ದುರ್ಬೀನು ಕಸಿದುಕೊಂಡಳು. ಮೊದಲು ತಿರುವುಮುರುವಾಗಿ ಹಿಡಿದಳು, ಮಡ್ಡಿ ಎಲ್ಲೋ ದೂರ ಓಡಿತು. ಧನಪಾಲ ಪಾಪ, ತಾನೇ ಅದನ್ನು ನೆಟ್ಟಗೆ ಮಾಡಿ ಕೊಟ್ಟ. ಹುಲ್ಲಿನ ಕಡೆ ತಿರುಗಿಸಿದ್ದೇ ತಡ ಅವಳು ಕಿರುಚಿದಳು.

“ಅಯ್ಯ ನನ್ನ ಶಿವನ! ತಾರವ್ವನ ಸೀರಿ ದಡಿ ಸುದ್ದಾ ಕಾಣ್ತೈತಿ!”

ಧನಪಾಲ ಮೂವತ್ತೈದರ ಆಸುಪಾಸಿನ ಮೆಲುಮಾತಿನ ಮನುಷ್ಯ. ಎರಡೂ ಕೈ ಜೋಡಿಸಿದ. “ಅಕ್ಕಾರ, ನಾವು ಮುಗಿಲ ಕಡೆ ನೋಡಿದ್ವಿ. ಹೆಣ್ಮಕ್ಕಳ ಕಡೆ ನೋಡಿಲ್ರಿ.”

“ಗಿಡಗ ಇಳಿಯೋದು ಎಲ್ಲಿ?”

“ಹುಲ್ಲಾಗ್ರಿ. ಇವು ರಾತ್ರಿ ಗಿಡದ ಮ್ಯಾಲ ಕುಂದರಂಗಿಲ್ಲ, ನೆಲದ ಮ್ಯಾಲ ಮಲಗ್ತಾವ.”

“ಮತ್ತ ಹುಲ್ಲು ನೋಡದಽ ಹೆಂಗ ಎಣಿಸಿದ್ರಿ?”

ಧನಪಾಲ ತಲೆಯಾಡಿಸಿದ. “ಅದೂ ಖರೆ ಐತ್ರಿ. ಹುಲ್ಲೂ ನೋಡೇವಿ. ಅಲ್ಲಿ ಹೆಣ್ಮಕ್ಕಳು ಬರ್ತಾರನ್ನೋದು ಗೊತ್ತಿರಲಿಲ್ಲ. ತಪ್ಪಾತು.”

ಮಾತು ತಿದ್ದಿಕೊಂಡ ಮನುಷ್ಯನನ್ನು ನಾವು ನೀವು ಪ್ರಾಮಾಣಿಕ ಎನ್ನುತ್ತೇವೆ. ಗಿರಿಜವ್ವನಿಗೆ ಅದು ಸಿಕ್ಕಿಬಿದ್ದ ಕಳ್ಳನ ಲಕ್ಷಣವಾಗಿ ಕಂಡಿತು.

ಅಷ್ಟರಲ್ಲಿ ಸದ್ದು ಕೇಳಿ ಊರ ಗಂಡಸರು ಮಡ್ಡಿಯ ಬುಡಕ್ಕೆ ಬಂದು ನಿಂತರು. ಇಬ್ಬರಿಗೂ ಚೆನ್ನಾಗಿ ಬೀಳುತ್ತಿತ್ತೇನೋ, ವಿರುಪಾಕ್ಷಪ್ಪ ಅಡ್ಡ ಬಂದು ಅವರನ್ನು ಚಹಕ್ಕೆ ಕರೆದುಬಿಟ್ಟ. “ದೊಡ್ಡ ಮಂದಿ ಬಂದಾರ, ನಮ್ಮ ಮಡ್ಡಿ ಗಿಡಗ ಎಣಸ್ಲಿ ಬಿಡ,” ಎಂದು ಹೆಂಡತಿಗೆ ಹೇಳಿದ. ಯಜಮಾನ ಹೂಂ ಎಂದ ಮೇಲೆ ಎಲ್ಲರ ಮುಂದೆ ಇಲ್ಲ ಎನ್ನುವುದು ಹೇಗೆ? ಗಿರಿಜವ್ವ ತನ್ನದೊಂದು ಕಟ್ಟಳೆ ಹಾಕಿದಳು. ಬರುವುದಾದರೆ ಬರಲಿ. ಬಂಡೆಯ ಮೇಲೆ ಹುಲ್ಲಿಗೆ ಬೆನ್ನು ಮಾಡಿ, ಬಡಗಣಕ್ಕೆ ಮುಖ ಮಾಡಿ ಕೂರಬೇಕು. ತಲೆಯ ಮೇಲಿಂದ ಹಾದು ಹೋದದ್ದನ್ನು ಎಣಿಸಬೇಕು. ಹೆಂಗಸರೆಲ್ಲ ಇಳಿದು ಹೋಗುವವರೆಗೆ ಕತ್ತು ಹೊರಳಿಸಬಾರದು. ಹಿಂದೆ ತಾನು ಕೂತಿರುತ್ತೇನೆ ಎಂದಳು.

“ಹಂಗ ಎಣಿಸಿದ್ರ ಅರ್ಧಾ ತಪ್ತಾವ್ರಿ,” ಎಂದು ಮಾಸ್ತರ ಗೊಣಗಿದ.

“ತಪ್ಪಲಿ,” ಎಂದ ಧನಪಾಲ. “ಅಕ್ಕಾರ ಹೇಳಿದಂಗ ಆಗ್ಲಿ.”

ಹಾಗೆ ಶುರುವಾದದ್ದು ವರ್ಷವರ್ಷವೂ ನಡೆಯಿತು. ದಸರೆ ಆದ ಕೂಡಲೇ ಸ್ಕೂಟರು ಬರುವುದು, ಇಬ್ಬರು ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂರುವುದು, ಹಿಂದೆ ಕುಡುಗೋಲು ಮಡಿಲಲ್ಲಿಟ್ಟುಕೊಂಡು ಗಿರಿಜವ್ವ ಕೂರುವುದು. ಯಾರು ಕೆಮ್ಮಿದರೂ ಅವಳಿಗೆ ಅನುಮಾನ, ಇದು ತಿರುಗಲು ಹೂಡಿದ ಆಟವೆಂದು. ಇದರಲ್ಲೊಂದು ತಮಾಷೆ ಇತ್ತು. ಗಿಡಗ ನೋಡಲೆಂದು ಬಂದವರಿಗೆ ಅವು ಹುಲ್ಲಿಗಿಳಿಯುವುದು ಕಾಣುತ್ತಿರಲಿಲ್ಲ. ಅವರಿಬ್ಬರ ಬೆನ್ನನ್ನೂ ಹುಲ್ಲನ್ನೂ ಸರದಿಯಂತೆ ಕಾಯುತ್ತಿದ್ದ ಗಿರಿಜವ್ವನಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಉದ್ದ ರೆಕ್ಕೆಯ ಹಕ್ಕಿಗಳು ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದವು, ಹುಲ್ಲಿನ ತುದಿ ತಾಗುವಷ್ಟು ಕೆಳಗೆ ಸುತ್ತು ಹಾಕುತ್ತಿದ್ದವು, ಇಳಿದರೆ ಪತ್ತೆಯೇ ಇರುತ್ತಿರಲಿಲ್ಲ. ಹೆಂಗಸರ ಹತ್ತಿರವೇ ಇಳಿದರೂ ಅವಕ್ಕೆ ಹೆದರಿಕೆ ಇಲ್ಲ, ಹೆಂಗಸರಿಗೂ ಅವುಗಳ ಪರಿವೆ ಇಲ್ಲ. ಇದು ಅವಳಿಗೆ ಚಂದ ಕಂಡಿತೇ ಎಂದು ಕೇಳಿದರೆ ಅವಳು ಬೈಯುತ್ತಿದ್ದಳು. ಆದರೆ ದಸರೆ ಹತ್ತಿರ ಬಂದಂತೆ ಮುಗಿಲ ಕಡೆ ನೋಡುವ ಚಾಳಿ ಅವಳಿಗೂ ಹತ್ತಿತ್ತು.

ಒಮ್ಮೆ ಅವರ ಬಗ್ಗೆ ಪೂರ್ತಿ ವಿಚಾರಣೆ ಮಾಡಿಯೇ ಬಿಡೋಣವೆಂದು ಅವಳು ಸೀರೆ ಕೊಳ್ಳುವ ನೆಪದಲ್ಲಿ ಚಿಕ್ಕೋಡಿಯ ಧನಪಾಲನ ಅಂಗಡಿಗೆ ಹೋದಳು. ಧನಪಾಲ ಇರಲಿಲ್ಲ, ಹೆಂಡತಿ ಕಮಲಾಬಾಯಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಊರ ಹೆಸರು ಕೇಳಿದ್ದೇ ಅವಳ ಅಳಲು ಹೊರಬಿತ್ತು.

“ಕರೋಶಿಯವರಾ? ನಿಮ್ಮ ಮಡ್ಡಿ ಸಂಬಂಧ ನಮ್ಮ ಮನ್ಯಾಗ ರಗಳಿ ನೋಡ್ರಿ. ನಾವು ಜೈನರು, ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಗಿಡಗ ಎಣಸಾಕ ಹೋದ ದಿನಾ ಇವರು ಉಪಾಸ ಮಲಗ್ತಾರ. ವ್ಯಾಪಾರ ಅಂತೂ ಕೇಳಬ್ಯಾಡ್ರಿ. ಸುಳ್ಳು ಹೇಳಂಗಿಲ್ಲಂತ ಮುನಿಗಳ ಮುಂದ ವ್ರತಾ ತಗೊಂಡಾರ. ಬಣ್ಣ ಹೋಗೋ ಸೀರಿ ಇದ್ರ, ಬಣ್ಣ ಹೋಗ್ತೈತ್ರಿ ಅಂತ ತಾವ ಹೇಳ್ತಾರ.”

ಗಿರಿಜವ್ವ ಬಸ್ಸಿನಲ್ಲಿ ಮರಳುವಾಗ ಇದನ್ನೆಲ್ಲ ತೂಗಿ ನೋಡಿದಳು. ಗಿಡಗಕ್ಕಾಗಿ ಉಪವಾಸ ಮಲಗುವ ಗಂಡಸು ಎಲ್ಲಾದರೂ ಇದ್ದಾನೆಯೇ? ಬಣ್ಣ ಹೋಗುತ್ತದೆಂದು ಅಂಗಡಿಯವನೇ ಹೇಳುವುದೆಂದರೆ, ಅದನ್ನು ಬಿಡಿಸಿ ಹೆಚ್ಚಿನ ಬೆಲೆಯದನ್ನು ಹಚ್ಚುವ ಉಪಾಯವೇ ಇರಬೇಕು. ಹೆಂಡತಿಗೂ ಕಲಿಸಿಟ್ಟಿದ್ದಾನೆ. ಮುಂದಿನ ಸಂಜೆ ಬಂಡೆಯ ಮೇಲೆ ಅವಳು ಒಂದು ಗೇಣು ಮುಂದೆಯೇ ಕೂತಳು.

ಹೀಗೇ ಒಂಬತ್ತು ಹತ್ತು ವರ್ಷ. ಅಷ್ಟರಲ್ಲಿ ಕಾಕಾಸಾಹೇಬ ಮಾಸ್ತರನಿಗೆ ನಿವೃತ್ತಿ ಬಂತು. ಇಷ್ಟು ವರ್ಷ ಬಂಡೆ ಸವೆಸಿದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆ, ತಪ್ಪೇನಲ್ಲ. ಧನಪಾಲನಿಗೂ ಹೇಳದೆ ಬೆಳಗಾವಿಯ ಪತ್ರಿಕೆಯೊಂದಕ್ಕೆ ಬರೆದ, ಊರ ಹೆಸರು ಸಹಿತ. ಕರೋಶಿಯ ಮಡ್ಡಿಯಲ್ಲಿ ಗಿಡಗಗಳ ಸಂತೆ ಎಂದು ಅಚ್ಚಾಯಿತು. ಆ ಭಾನುವಾರವೇ ಕ್ಯಾಮೆರಾ ಹೊತ್ತವರು ಬಂದರು. ಅವರ ಹಿಂದೆ ಕಾಲೇಜು ಹುಡುಗರು, ಅವರ ಹಿಂದೆ ಗಿಡಗವೂ ಬೇಡ ಏನೂ ಬೇಡ, ಸುಮ್ಮನೆ ಸಂಜೆ ಕಳೆಯುವವರು. ಅವರಿಗೆಲ್ಲ ಬೆನ್ನು ತಿರುಗಿಸಿ ಕೂರಲು ಹೇಳುವವರು ಯಾರು? ಗಿರಿಜವ್ವ ಕುಡುಗೋಲು ಎತ್ತಿದಳು. ಅವರು ಅದರದ್ದೂ ಫೋಟೋ ತೆಗೆದರು.

ಹೆಂಗಸರು ಮಡ್ಡಿ ಬಿಟ್ಟರು. ಮತ್ತೆಲ್ಲಿ ಹೋಗಬೇಕು? ಚಿಕ್ಕೋಡಿ ರಸ್ತೆಯ ಬದಿಗೆ ಕೂತರು. ಲಾರಿಯ ದೀಪ ಬಿದ್ದರೆ ಎದ್ದು ನಿಲ್ಲುವುದು, ಅದು ಹೋದ ಮೇಲೆ ಕೂರುವುದು, ಮತ್ತೊಂದು ಬಂದರೆ ಮತ್ತೆ ಏಳುವುದು. ತಾರವ್ವನಿಗೆ ಆಗಲೇ ಮೊಣಕಾಲು ನೋವು. ಒಂದು ಸಂಜೆ ಏಳಲಾರದೆ ಆ ಬೆಳಕಿನಲ್ಲೇ ಕೂತುಬಿಟ್ಟಳಂತೆ, ಸೆರಗಿನಿಂದ ಮುಖವಷ್ಟೇ ಮುಚ್ಚಿಕೊಂಡು. ಮರುದಿನ ಬಂದು ಗಿರಿಜವ್ವನ ಮುಂದೆ ಅತ್ತಳು. “ಮಾರಿ ಮುಚ್ಚಿಕೊಂಡ್ರ ಯಾರಂತ ಗೊತ್ತಾಗೂದಿಲ್ಲಲ್ಲಬೇ,” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತೆ ನಂಬಿ ಕೊಟ್ಟ ಒಂದೇ ಒಂದನ್ನು ತಾನು ಕಾಯಲಿಲ್ಲ ಎಂಬ ಸಂಕಟ ಗಿರಿಜವ್ವನನ್ನು ತಿಂದಿತು.

ಮೇಲಿಂದ ಇನ್ನೊಂದು ಸುದ್ದಿ. ಬೆಳಗಾವಿಯ ಯಾವುದೋ ಕಚೇರಿಯವರು ಮಡ್ಡಿಯ ಮೇಲೆ ಗಿಡಗ ನೋಡುವ ಗೋಪುರ ಕಟ್ಟಿ, ಸುತ್ತ ತಂತಿಬೇಲಿ ಹಾಕಿ, ರಸ್ತೆ ಮಾಡುತ್ತಾರಂತೆ. ವಿರುಪಾಕ್ಷಪ್ಪ ಹಿಗ್ಗಿ ಹೋಗಿದ್ದ. “ಬೋರ್ಡಿನ ಮ್ಯಾಲ ನನ್ನ ಹೆಸರ ಹಾಕ್ತಾರಂತ,” ಎಂದ. ಗಿರಿಜವ್ವ ಸೀದಾ ಚಿಕ್ಕೋಡಿಯ ಬಸ್ಸು ಹತ್ತಿದಳು, ಅವತ್ತು ಬೋರ್ಡನ್ನೂ ಓದಿಸಲಿಲ್ಲ.

ಅಂಗಡಿ ತುಂಬ ಗಿರಾಕಿ ಇದ್ದರು. ಅವರೆಲ್ಲರ ಮುಂದೆಯೇ ಅವಳು ಧನಪಾಲನನ್ನು ಹಿಡಿದಳು.

“ಸಾವಕಾರ್ರ, ನೀವು ಎಣಿಸಿದ್ದಕ್ಕ ನಮ್ಮ ಹೆಣ್ಮಕ್ಕಳು ಡಾಂಬರ ರಸ್ತಾಕ್ಕ ಬಂದ್ರು. ಇನ್ನ ಗೋಪುರ ಬರ್ತೈತಂತ. ಇದಕ್ಕ ಅಲ್ಲೇನು ನೀವು ಹತ್ತ ವರ್ಷ ಬಂಡಿಗಲ್ಲಿನ ಮ್ಯಾಲ ಕುಂತಿದ್ದು?”

ಧನಪಾಲ ಮಡಿಸುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟ. ಮಾಸ್ತರ ಬರೆದದ್ದು ತನಗೆ ಗೊತ್ತಿರಲಿಲ್ಲ ಎಂದ. ಅವಳು ನಂಬಲಿಲ್ಲ.

“ನಾ ಏನ ಮಾಡ್ಲಿ, ಹೇಳ್ರಿ ಅಕ್ಕಾರ.”

“ಗಿಡಗ ಇಲ್ಲ ಅಂತ ಹೇಳ್ರಿ ಅವರಿಗೆ.”

“ಅದಾವಲ್ರಿ.”

“ಅದಾವ ಅನ್ನೋದು ನನಗೂ ಗೊತ್ತೈತಿ! ಇಲ್ಲ ಅಂತ ಹೇಳ್ರಿ.”

ಧನಪಾಲ ತಲೆ ತಗ್ಗಿಸಿದ. ಗಿರಿಜವ್ವ ಅಲ್ಲಿಂದ ಎದ್ದು ಬಂದಳು. ಅವನೂ ಕಚೇರಿಯವರ ಜೊತೆ ಸೇರಿದವನೇ, ಮೊದಲ ದಿನ ಬಂಡೆಯ ಮೇಲೆ ತಾನು ಕಂಡದ್ದೇ ಖರೆ ಎಂದು ಅವಳಿಗೆ ಆಗ ಖಾತ್ರಿಯಾಯಿತು.

ಕಚೇರಿಯವರ ಜೀಪು ಬಂದದ್ದು ಶಿವರಾತ್ರಿಯ ಮುಂಚೆ, ಅದೂ ನಡುಹಗಲು. ಗಿಡಗಗಳು ಹಗಲೆಲ್ಲ ಬಯಲಿನಲ್ಲಿ ಮಿಡತೆ, ಇಲಿ ಹುಡುಕುತ್ತಾ ಚದುರಿ ಹೋಗುವವು, ಮಡ್ಡಿಗೆ ಮರಳುವುದು ಸಂಜೆಗೇ. ಹೀಗಾಗಿ ಜೀಪಿನಿಂದ ಇಳಿದ ಸಾಹೇಬ ಕತ್ತೆತ್ತಿದಾಗ ಬಿಸಿಲು ಬಿಟ್ಟು ಬೇರೇನೂ ಕಾಣಲಿಲ್ಲ. ಮಾಸ್ತರ ಹೊಸ ಅಂಗಿ ತೊಟ್ಟು ಬಂದಿದ್ದ. ಸಂಜೆವರೆಗೆ ಇರಿ ಎಂದು ಸಾಹೇಬನನ್ನು ಬೇಡಿಕೊಂಡ. ಸಾಹೇಬನಿಗೆ ಅಥಣಿಯಲ್ಲಿ ಮತ್ತೊಂದು ಕೆಲಸವಿತ್ತು.

“ಇರೋದೇನ ಬ್ಯಾಡ್ರಿ,” ಎಂದ ಮಾಸ್ತರ ಕಡೆಗೆ. “ನನ್ನ ಮಾತು ಬಿಡ್ರಿ, ಧನಪಾಲ ಸಾವಕಾರ್ರ ಮಾತು ಕೇಳ್ರಿ. ಇವರು ಸುಳ್ಳು ಹೇಳಂಗಿಲ್ಲ ಅನ್ನೋದು ಇಡೀ ಚಿಕ್ಕೋಡಿಗೆ ಗೊತ್ತೈತಿ.”

ಧನಪಾಲ ಜೀಪಿನ ನೆರಳಿನಲ್ಲಿ ನಿಂತಿದ್ದ. ಸಾಹೇಬ ಅವನ ಕಡೆ ತಿರುಗಿದ. ಊರ ಜನ, ವಿರುಪಾಕ್ಷಪ್ಪ, ದೂರದಲ್ಲಿ ಸೆರಗು ಹೊದ್ದು ನಿಂತ ಹೆಂಗಸರು, ಎಲ್ಲರೂ ನೋಡಿದರು. ಗಿರಿಜವ್ವ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಈಗ ಹೌದು ಎನ್ನುತ್ತಾನೆ, ಈಗ ಹೌದು ಎನ್ನುತ್ತಾನೆ ಎಂದು ಕಾದಳು.

“ಇಲ್ರಿ,” ಎಂದ ಧನಪಾಲ. “ಇಲ್ಲಿ ಅಂಥಾ ಗಿಡಗ ಇಲ್ಲ. ನಮ್ಮ ಎಣಿಕಿ ತಪ್ಪು. ಊರ ಹದ್ದು ನೋಡಿ ಗಿಡಗ ಅಂತ ತಿಳಕೊಂಡಿದ್ವಿ.”

ಮಾಸ್ತರನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಸಾಹೇಬನಿಗೆ ನಗು ಬಂತು, ಸಿಟ್ಟೂ ಬಂತು. ಹೊಲದವರನ್ನು ಕೇಳೋಣವೆಂದು ಗಿರಿಜವ್ವನ ಕಡೆ ಕೈ ಮಾಡಿದ. “ಏನಮ್ಮಾ, ನೀವು ನೋಡಿದ್ದೀರಾ ಗಿಡಗ?”

“ಗಿಡಗ?” ಎಂದಳು ಗಿರಿಜವ್ವ. “ಸಂಜಿಮುಂದ ಕಾಗಿ ಬರ್ತಾವ್ರಿ. ಬೇಕಾದ್ರ ಅವನ್ನ ಎಣಸ್ರಿ.”

ಜೀಪು ಹೋಯಿತು. ಗೋಪುರ ಬೇರೆ ಯಾವುದೋ ಕೆರೆಯ ದಂಡೆಗೆ ಹೋಯಿತಂತೆ. ಮಾಸ್ತರ ಸಿಟ್ಟಿನಿಂದ ಸ್ಕೂಟರೂ ಹತ್ತದೆ ಬಸ್ಸಿಗೆ ನಡೆದುಬಿಟ್ಟ. ಧನಪಾಲ ಒಬ್ಬನೇ ಬಂಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. ಗಿರಿಜವ್ವನಿಗೆ ಅವನ ಹತ್ತಿರ ಹೋಗಿ ಏನಾದರೂ ಹೇಳಬೇಕೆನಿಸಿತು. ಏನು ಹೇಳುವುದೆಂದು ತಿಳಿಯುವಷ್ಟರಲ್ಲಿ ಆತ ಹೊರಟುಹೋಗಿದ್ದ. ಅವನು ಖರೆ ಹೇಳಿದ ಹತ್ತು ವರ್ಷ ಅವಳು ಒಂದು ದಿನವೂ ನಂಬಿರಲಿಲ್ಲ. ಇವತ್ತು ಅವನು ಹೇಳಿದ್ದು ಸುಳ್ಳೆಂದು ಅಲ್ಲಿ ನೆರೆದವರಲ್ಲಿ ಮಾಸ್ತರನನ್ನು ಬಿಟ್ಟರೆ ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಮನೆಗೆ ಬಂದು ದನದ ಕೊಟ್ಟಿಗೆಯಲ್ಲಿ ಕೂತು ಅತ್ತಳು.

ಗಿಡಗ ಇಲ್ಲವೆಂದು ಸುದ್ದಿಯಾದ ಮೇಲೆ ಕ್ಯಾಮೆರಾದವರು ಬರುವುದು ನಿಂತಿತು. ಸಂಜೆ ಕಳೆಯುವವರನ್ನು ಗಿರಿಜವ್ವನೇ ಅಟ್ಟಿದಳು. ಹೆಂಗಸರು ಮೊದಲಿನಂತೆ ಮಡ್ಡಿ ಹತ್ತಿದರು. ಮಳೆಗೆ ಹುಲ್ಲು ಮತ್ತೆ ಎದ್ದಿತು, ದಸರೆಯೂ ಬಂತು. ಮೊದಲ ಸಂಜೆ ಮುಗಿಲು ಖಾಲಿ. ಮರುದಿನವೂ ಖಾಲಿ. ಮನುಷ್ಯರ ಮೇಲಿನ ನಂಬಿಕೆ ಹೋಯಿತೇನೋ ಇವಕ್ಕೂ ಎಂದು ಅವಳಿಗೆ ಕಳವಳವಾಯಿತು. ವಾರ ಕಳೆದ ಮೇಲೆ ಒಂದು ಸಂಜೆ ಅವು ಬಂದವು.

ಅವಳು ಚಿಕ್ಕೋಡಿಗೆ ಹೋದಳು. ಅಂಗಡಿಯಲ್ಲಿ ಕಮಲಾಬಾಯಿ ಅವಳನ್ನು ಕಂಡು ಮುಖ ಗಂಟಿಕ್ಕಿದಳು. “ನಿಮ್ಮ ಊರಿಗೆ ಬಂದು ವ್ರತಾ ಮುರಕೊಂಡ ಬಂದ್ರು. ಬಸದಿಯೊಳಗ ಒಪ್ಪಿಕೊಂಡು, ಪ್ರಾಯಶ್ಚಿತ್ತಕ್ಕಂತ ಗಿಡಗ ಎಣಸೋದಽ ಬಿಟ್ಟಾರ. ದುರ್ಬೀನು ಯಾರಿಗೋ ಕೊಟ್ರು. ಮಾಸ್ತರ ಈ ಓಣಿಗೆ ಕಾಲ ಇಡೂದಿಲ್ಲ.”

ಒಳಗಿಂದ ಧನಪಾಲ ಬಂದ. ಸೊರಗಿದ್ದ.

“ಬಂದಾವ,” ಎಂದಳು ಗಿರಿಜವ್ವ.

ಅವನ ಕಣ್ಣು ಅರಳಿದ್ದು ಅವಳಿಗೆ ಕಂಡಿತು. ಎಷ್ಟು ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

“ನಾಳಿ ಸಂಜಿಕ ಬರ್ರಿ. ನಾಳಿ ಒಂದ ದಿನಾ ಹೆಣ್ಮಕ್ಕಳು ಕತ್ತಲಾದ ಮ್ಯಾಲ ಹತ್ತತಾರ. ಮನಿಮನಿಗೆ ಹೋಗಿ ಹೇಳಿ ಬಂದೇನಿ. ನೀವು ಹುಲ್ಲಿನ ಕಡೆ ಮಾರಿ ಮಾಡಿ ಕುಂದರ್ರಿ.”

ಧನಪಾಲ ಬಂದ. ಬಂಡೆ ಹತ್ತುವ ಮುಂಚೆ ಗಿರಿಜವ್ವ ಅವನ ಚೀಲ ಇಸಿದುಕೊಂಡು ಒಳಗೆ ಕೈ ಹಾಕಿ ನೋಡಿದಳು. ದುರ್ಬೀನು ಖರೆಯೇ ಇರಲಿಲ್ಲ. ತಾನು ತಂದಿದ್ದ ಬಾಳೆಹಣ್ಣು ಅವನ ಮುಂದಿಟ್ಟಳು. “ಹೊತ್ತ ಮುಳುಗೂದ್ರಾಗ ತಿನ್ರಿ. ಉಪಾಸ ಮಲಗಬ್ಯಾಡ್ರಿ.” ಅವನು ಹೊತ್ತಿನ ಕಡೆ ನೋಡುತ್ತಾ ಬೇಗ ಬೇಗ ತಿಂದ. ಆಮೇಲೆ ಹತ್ತು ವರ್ಷದಲ್ಲಿ ಮೊದಲ ಸಲ ಹುಲ್ಲಿಗೆ ಮುಖ ಮಾಡಿ ಕೂತ.

ತೆಂಕಣದಿಂದ ಮೊದಲನೆಯದು ಬಂತು. ರೆಕ್ಕೆ ಬಡಿಯದೆ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿತು. ಧನಪಾಲ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

“ಎಣಸ್ರಿ,” ಎಂದಳು ಗಿರಿಜವ್ವ.

“ಬಿಟ್ಟೇನ್ರಿ ಅಕ್ಕಾರ.”

“ಖರೇನ?”

“ಖರೇರಿ.”

ಅವಳು ಎರಡನೆಯ ಸಲ ಕೇಳಲಿಲ್ಲ. ಕುಡುಗೋಲನ್ನು ಪಕ್ಕಕ್ಕಿಟ್ಟು, ಕಣದಲ್ಲಿ ರಾಶಿಯ ಮುಂದೆ ಕೂರುವಂತೆ ಸೆರಗು ಸಿಕ್ಕಿಸಿ ಕೂತಳು. ಹಕ್ಕಿ ಹುಲ್ಲಿಗಿಳಿದು ಮರೆಯಾಗುವವರೆಗೆ ಕಾದು, ಗಟ್ಟಿಯಾಗಿ ಕೂಗಿದಳು.

“ಲಾಭ.”

ಇನ್ನೊಂದು ಬಂತು. “ಎರಡು.”

ಧನಪಾಲ ತುಟಿ ಅಲ್ಲಾಡಿಸಲಿಲ್ಲ. ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ. ಮಡ್ಡಿಯ ಬುಡದಲ್ಲಿ ಚರಿಗೆ ಹಿಡಿದು ಕತ್ತಲಿಗೆ ಕಾಯುತ್ತಿದ್ದ ಹೆಂಗಸರಿಗೂ ಅವಳ ಕೂಗು ಕೇಳಿಸುತ್ತಿತ್ತು.